ಗುಡಿಸದ ದಾರಿ

ಕರಡಿಕಲ್ಲು ಹಟ್ಟಿ,
ನ್ಯಾಮತಿ ತಾಲ್ಲೂಕು
10-11-2024, ಭಾನುವಾರ

ಮಗಳು ಮಾಲಾಳಿಗೆ ನಿನ್ನ ಮಾವ ಚಿಕ್ಕಹನುಮಂತಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ತಡವಾಗಿದ್ದಕ್ಕೆ ಏನೇನೋ ನೆಪ ಹೇಳಬಹುದು, ಮಳೆ ಇತ್ತು, ಮೆಕ್ಕೆಜೋಳ ಒಣಗಿಸುವುದಿತ್ತು ಅಂತ. ನಿಜ ಹೇಳಬೇಕೆಂದರೆ ಮೂರು ಸಲ ಬರೆಯಲು ಕೂತು ಮೂರು ಸಲ ಎದ್ದೆ. ಮದುವೆಯಾದಾಗಿನಿಂದ, ನೀನು ತವರಿಗೆ ಹೋದಾಗಲೆಲ್ಲ, ನಿನ್ನ ಹೆಸರಿಗೆ ಮೊದಲು 'ಸೌಭಾಗ್ಯವತಿ' ಎಂದು ಬರೆದು ಕೈಗೆ ರೂಢಿಯಾಗಿದೆ. ಪೆನ್ನು ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಈ ಸಲ 'ಮಗಳು' ಎಂದು ಬರೆದೆ. ಅದು ಹೆಚ್ಚು ಸರಿ ಎನ್ನಿಸಿತು.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ನನ್ನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯಲ್ಲಿ ಅರ್ಧ ಉಳಿದಿದೆ. ಮೇಲಾಗಿ ಫೋನು ನಿನ್ನ ಅತ್ತೆಯ ಸೊಂಟದಲ್ಲೇ ಇರುತ್ತದೆ. ನಾನು ನಾಲ್ಕು ಮಾತಾಡುವಷ್ಟರಲ್ಲಿ "ಇಲ್ಲಿ ಕೊಡ್ರಿ, ನಿಮಗೆ ಮಾತಾಡಾಕೆ ಬರಲ್ಲ" ಎಂದು ಕಿತ್ತುಕೊಳ್ಳುತ್ತಾಳೆ. ಉಚ್ಚಂಗಮ್ಮ ಹಾಗೇ ಇದ್ದಾಳೆ. ಮಂಡಿ ನೋವು ಕಾಲಿಗೆ ಬಂದಿದೆ, ಬಾಯಿಗೆ ಇನ್ನೂ ಬಂದಿಲ್ಲ.

ರಕ್ಷಾಳಿಗೆ ತಿಂಗಳಿಗೊಮ್ಮೆ ಜ್ವರ ಬರುತ್ತಿದೆ ಎಂದು ಓದಿ ಜೀವ ತಡೆಯಲಿಲ್ಲ. ಎಂಟು ವರ್ಷದ ಮಗು, ಇರುವುದೇ ಒಂದು ಹಿಡಿ. ನಿನ್ನ ತವರು ಸೊಕ್ಕೆಯ ಹಿರಿಯರು ಅದಕ್ಕೆ ಕಾರಣ ಹುಡುಕಿ ಕೊಟ್ಟಿದ್ದನ್ನೂ ಓದಿದೆ. ಅಪ್ಪ ಪರಶುರಾಮ ಮಗಳ ತಲೆ ಮುಟ್ಟಿ ಕುಡಿಯುವುದಿಲ್ಲ ಎಂದು ಆಣೆ ಮಾಡಿದ್ದ, ಕುಡಿದು ಗುಡ್ಡದಿಂದ ಬಿದ್ದು ಸತ್ತ, ಮುರಿದ ಆಣೆ ಈಗ ಮಗಳ ತಲೆಯ ಮೇಲೆ ಕೂತಿದೆ. ಅವನು ಬಿದ್ದ ಜಾಗಕ್ಕೇ ಮಗುವನ್ನು ಕರೆದೊಯ್ದು, ದೀಪ ಹಚ್ಚಿ, ಅದರ ಕೈಯಿಂದಲೇ ತಪ್ಪುಕಾಣಿಕೆ ಇಡಿಸಿದರೆ ಇಳಿಯುತ್ತದೆ ಎಂದರಂತೆ. ಅದಕ್ಕೆ ಕಡೇ ಕಾರ್ತಿಕ ಸೋಮವಾರ, ಅಂದರೆ ಬರುವ ಇಪ್ಪತ್ತೈದಕ್ಕೆ, ಬರುತ್ತೇನೆ ಎಂದು ಬರೆದಿದ್ದೀಯ. ನಿನ್ನ ಅಣ್ಣ ತಿಪ್ಪೇರುದ್ರ ಒಪ್ಪಲಿಲ್ಲ. ಅವನು ಬುದ್ಧನ ಪಟ ತಂದು ಗೋಡೆಗೆ ಹಾಕಿದ ಮೇಲೆ ಆಣೆ, ಹರಕೆ ಎಲ್ಲ ಬಿಟ್ಟವನಲ್ಲವೇ. "ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸು, ಗುಡ್ಡ ಹತ್ತಿಸಬೇಡ" ಎಂದು ಅವನು ಬೈದನೆಂದು ನೀನೇ ಬರೆದಿದ್ದೀಯ. ಅವನು ನನಗಿಂತ ಮೂವತ್ತು ವರ್ಷ ಚಿಕ್ಕವನು. ಆದರೂ ಅವನ ಮಾತು ಕೇಳು ಎಂದು ಹೇಳುತ್ತೇನೆ.

ದಾರಿ ಹೇಗಿದೆ ಎಂದು ಕೇಳಿದ್ದೀಯಲ್ಲ, ಅದನ್ನು ಬರೆಯುತ್ತೇನೆ. ಹತ್ತು ವರ್ಷ ನೀನು ಈ ಗುಡ್ಡದ ಬುಡದಲ್ಲಿ ಸಂಸಾರ ಮಾಡಿದೆ, ಒಂದು ದಿನವೂ ಹತ್ತಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಹತ್ತುವುದಿಲ್ಲ, ಗಂಡಸರು ಹತ್ತುವುದು ಗುಡಿಸಲಿಕ್ಕೆ.

ಮೇಲೆ, ಕಡೇ ಕಾರ್ತಿಕ ಸೋಮವಾರ ಊರವರು ದೀಪ ಹಚ್ಚುವ ಬಂಡೆಗೆ ಎರಡು ದಾರಿ. ಒಂದು ಮುಂದಿನ ದಾರಿ, ಊರವರದು. ಕಾರ್ತಿಕ ಹುಟ್ಟಿದ ಮೊದಲ ಸೋಮವಾರದಿಂದ ಅದರ ಹುಲ್ಲು ಕೊಯ್ದು, ಎಲೆ ಗುಡಿಸಿ, ತಿರುವಿನ ಕಲ್ಲಿಗೆಲ್ಲ ಸುಣ್ಣ ಬಳಿದು ಹಸನು ಮಾಡುವುದು ನಮ್ಮ ಮನೆತನದ ಕೆಲಸ. ನನ್ನ ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು, ನನ್ನಿಂದ ಮಗ ಪರಶುರಾಮನಿಗೆ. ಇನ್ನೊಂದು ಹಿಂದಿನ ಕೊರಕಲು, ಮಳೆನೀರು ಇಳಿದು ಇಳಿದು ಆದ ಸೀಳು. ಅದು ನಮ್ಮ ದಾರಿ. ಕಡೇ ಸೋಮವಾರ ಮುಂದಿನ ದಾರಿ ಗುಡಿಸಿ ಮುಗಿಸಿದ ಮೇಲೆ, ದೀಪ ಹಚ್ಚಿ ಊರವರು ಇಳಿಯುವ ತನಕ ನಾವು ಅದಕ್ಕೆ ಕಾಲಿಡುವುದಿಲ್ಲ. ಏನೇ ಕೆಲಸ ಬಿದ್ದರೂ ಕೊರಕಲಿನಲ್ಲೇ ಹತ್ತಬೇಕು. ಅಲ್ಲಿ ಯಾರೂ ಬೋರ್ಡು ಹಾಕಿಲ್ಲ. ನನ್ನ ಕಾಲದಲ್ಲಿ ಯಾರೂ ಬಾಯಿಬಿಟ್ಟು ಹೇಳಿಯೂ ಇಲ್ಲ. ಹೇಳುವ ಅಗತ್ಯವೇ ಬರದ ಹಾಗೆ ನಾವು ನಡೆದುಕೊಂಡು ಬಂದೆವು.

ಪರಶುರಾಮ ಬಿದ್ದದ್ದು ಆ ಕೊರಕಲಿನಲ್ಲಿ. ನೀನು ಮಗುವಿನ ಜೊತೆ ಹತ್ತುತ್ತೇನೆ ಎನ್ನುವುದೂ ಅದನ್ನೇ.

ಕೇಳು. ಈ ವರ್ಷ ದೀಪಾವಳಿಯ ತನಕ ಮಳೆ ಬಿಡಲಿಲ್ಲ. ಬಾದೆಹುಲ್ಲು ಎದೆಯುದ್ದ ನಿಂತಿದೆ, ಅದರ ಮುಳ್ಳು ಸೀರೆಗೆ ಹೊಕ್ಕರೆ ಕೂತು ಕೀಳಲು ಅರ್ಧ ದಿನ ಬೇಕು. ತೇಗದ ಎಲೆ ಉದುರಲು ಶುರುವಾಗಿದೆ. ಒಂದೊಂದು ಎಲೆ ಊಟದ ತಟ್ಟೆಯಷ್ಟು. ಮೇಲಿನ ಎಲೆ ಒಣಗಿ ಸದ್ದು ಮಾಡುತ್ತದೆ, ಕೆಳಗಿನದು ಕೊಳೆತು ಲೋಳೆಯಾಗಿರುತ್ತದೆ. ಕಾಲಿಟ್ಟರೆ ಮೇಲಿನದು ಕೆಳಗಿನದರ ಮೇಲೆ ಜಾರುತ್ತದೆ, ಜೊತೆಗೆ ನೀನೂ. ಎಲೆಯ ಅಡಿಯಲ್ಲಿ ಕಲ್ಲಿದೆಯೋ ಸಂದಿದೆಯೋ ತಿಳಿಯುವುದಿಲ್ಲ. ಬೆಳಿಗ್ಗೆ ಒಂಬತ್ತರ ತನಕ ಇಬ್ಬನಿ ಆರುವುದಿಲ್ಲ. ನಡುವೆ ಒರತೆ ಜಿನುಗುವ ಬಂಡೆಯೊಂದಿದೆ, ಅದರ ಪಾಚಿ ಈಗ ಕಪ್ಪಗೆ ಎಣ್ಣೆ ಹಚ್ಚಿದ ಹಾಗೆ. ಹತ್ತುವಾಗ ಹೇಗೋ ಕೈ ಊರಿ ಹತ್ತಬಹುದು. ಇಳಿಯುವಾಗ ಊರಲು ಏನೂ ಸಿಗುವುದಿಲ್ಲ. ನಾಲ್ಕೂವರೆಗೆ ಬಿಸಿಲು ಗುಡ್ಡದ ಆಚೆ ಇಳಿದರೆ ಕೊರಕಲಿಗೆ ಆಗಲೇ ಮಬ್ಬು. ಕರಡಿಯೂ ಓಡಾಡುತ್ತಿದೆ, ಹುತ್ತಗಳನ್ನೆಲ್ಲ ಬಗೆದು ಹಾಕಿದೆ.

ದಾವಣಗೆರೆ, ಶಿವಮೊಗ್ಗದ ಹುಡುಗ ಹುಡುಗಿಯರು ಈಗ ಭಾನುವಾರ ಬೂಟು ಹಾಕಿಕೊಂಡು ಬರುತ್ತಾರೆ, ಟ್ರೆಕ್ಕಿಂಗಿಗೆ. ಕಡೇ ಸೋಮವಾರವೂ ಬರುತ್ತಾರೆ. ನಾವು ಗುಡಿಸಿದ ದಾರಿಯಲ್ಲೇ ಬೂಟು ಕಾಲಲ್ಲಿ ಹತ್ತಿ, ಚಿಪ್ಸಿನ ಪ್ಯಾಕೆಟ್ಟು ಎಸೆದು, ಫೋಟೋ ತೆಗೆದು ಇಳಿಯುತ್ತಾರೆ. ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಒಳ್ಳೆಯ ಮಕ್ಕಳೇ, ಸುಮ್ಮನೆ ದೂರಬಾರದು. ಹೋದ ವಾರ ಒಬ್ಬಳು "ತಾತ, ಹಿಂದಿನ ದಾರಿ ಹೆಂಗೈತೆ? ಅಲ್ಲೂ ಹೋಗಬಹುದಾ?" ಎಂದು ಕೇಳಿದಳು. "ಬ್ಯಾಡವ್ವಾ, ಅದು ಜನ ಹೋಗೋ ದಾರಿ ಅಲ್ಲ" ಎಂದೆ. ಹೇಳಿದ ಮೇಲೆ ನನ್ನ ಬಾಯಿ ನನಗೇ ಕಹಿಯಾಯಿತು.

ಅದಕ್ಕೇ ಹೇಳುತ್ತೇನೆ, ಈ ಕಾರ್ತಿಕಕ್ಕೆ ಬೇಡ. ಬೇಸಿಗೆಯಲ್ಲಿ ಎಲೆಯೆಲ್ಲ ಸುಟ್ಟು ಕಲ್ಲು ಕಾಣಿಸಿದಾಗ ಬಾ. ನಾನೇ ಮುಂದೆ ನಡೆಯುತ್ತೇನೆ.

ಅತ್ತೆ ಹುಚ್ಚೆಳ್ಳು ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ, ಜಗಳೂರು ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ. ಮಗುವಿಗೆ ಮುತ್ತು. ದೇವರು ನಿನಗೆ ನೂರು ವರ್ಷ ಆಯುಸ್ಸು ಕೊಡಲಿ.

ನಿನ್ನ ಮಾವ,
ಚಿಕ್ಕಹನುಮಂತಪ್ಪ

ಮರೆತಿದ್ದೆ: ಕಾಗದದ ಕೊನೆಯಲ್ಲಿ ನೀನು ಕೇಳಿದ್ದೀಯ, "ಮಾವ, ಅವರು ಆವತ್ತೊಂದು ದಿನ ಕುಡಿದಿದ್ದರಾ, ಇಲ್ಲಾ ನನಗೆ ಮುಚ್ಚಿಟ್ಟು ಮೊದಲಿಂದ ಕುಡೀತಿದ್ದರಾ?" ಅಂತ. ಮರೆತಿದ್ದೆ ಎಂದು ಬರೆದದ್ದು ಸುಳ್ಳು. ಅದನ್ನು ಎದುರಿಗೆ ಕೂತಾಗ ಹೇಳುತ್ತೇನೆ.


ಕರಡಿಕಲ್ಲು ಹಟ್ಟಿ
19-11-2024, ಮಂಗಳವಾರ

ಮಗಳು ಮಾಲಾಳಿಗೆ ಮಾವನ ಆಶೀರ್ವಾದಗಳು.

ನಿನ್ನ ಉತ್ತರ ನಿನ್ನೆ ಬಂತು. ನಾಲ್ಕೇ ಸಾಲು. "ದಾರಿ ಹೆಂಗಾದರೂ ಇರಲಿ ಮಾವ, ಬರ್ತೀನಿ. ಬೇಸಿಗೆ ತನಕ ಈ ಕೂಸು ಇರಬೇಕಲ್ಲ. ಬೆನ್ನಿಗೆ ಕಟ್ಟಿಕೊಂಡಾದರೂ ಹತ್ತುತ್ತೀನಿ. ಅವರು ಮಾಡಿದ್ದಕ್ಕೆ ನಾನು ದಂಡ ಕಟ್ಟಲೇಬೇಕು." ಈ ಸಲ ತಡ ಮಾಡದೆ ಮರುದಿನವೇ ಬರೆಯುತ್ತಿದ್ದೇನೆ. ನೀನು ಸೋಮವಾರ ಬಸ್ಸು ಹತ್ತುವ ಮೊದಲು ಇದು ನಿನ್ನ ಕೈ ಸೇರಬೇಕು. ಇವತ್ತೇ ನ್ಯಾಮತಿಗೆ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ.

ನಿನ್ನ ಉತ್ತರ ಹೀಗೇ ಬರುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಮೊನ್ನೆ ಭಾನುವಾರ ಬೆಳಿಗ್ಗೆ ಬಂದರಿಕೆ ಗಿಡದ ಕಸಬರಿಗೆ ಕಟ್ಟಿಕೊಂಡು ಕೊರಕಲಿಗೆ ಹೋದೆ. ಒಂದು ವರ್ಷದಿಂದ ಕೆಳಗೆ ನಿಂತು ನೋಡಿದ್ದೆ ಅಷ್ಟೇ, ಒಳಗೆ ಕಾಲಿಟ್ಟಿರಲಿಲ್ಲ. ನೀನು ಹಟ ಬಿಡದಿದ್ದರೆ ನಿನಗಾಗಿ ಪರಶುರಾಮ ಬಿದ್ದ ಜಾಗದ ತನಕವಾದರೂ ಗುಡಿಸೋಣ ಎಂದು. ಮಾಲಾ, ಐವತ್ತು ವರ್ಷ ಊರವರ ದಾರಿ ಗುಡಿಸಿದ್ದೇನೆ. ನಮ್ಮ ದಾರಿಯನ್ನು ನನ್ನ ತಾತ ಗುಡಿಸಲಿಲ್ಲ, ಅಪ್ಪ ಗುಡಿಸಲಿಲ್ಲ, ನಾನೂ ಗುಡಿಸಲಿಲ್ಲ. ನಾವು ನಡೆಯುವ ದಾರಿಯನ್ನು ನಾವು ಗುಡಿಸಿಕೊಳ್ಳಬಹುದು ಎಂಬುದು ಇಷ್ಟು ತಲೆಮಾರಿನಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ ನೋಡು. ಒಂದು ಕೈ ಸುಣ್ಣ ಅಲ್ಲಿಗೂ ಹಾಕಿದ್ದರೆ ಯಾರ ಗಂಟು ಹೋಗುತ್ತಿತ್ತು?

ಎಲೆ ಮಂಡಿಯ ತನಕ ಇತ್ತು. ಕಸಬರಿಗೆಗೆ ಬಗ್ಗಲಿಲ್ಲ, ಕೋಲಿನಿಂದ ಕೆದಕಿ ಕೈಯಿಂದ ಬಾಚಿದೆ. ಹತ್ತು ಮಾರು ಹಸನಾಗಲು ಎರಡು ತಾಸು ಹಿಡಿಯಿತು. ಒರತೆಯ ಬಂಡೆ ದಾಟಿ ಎರಡು ಆಳೆತ್ತರ ಮೇಲೆ ಹೋದರೆ, ಬಲಕ್ಕೆ ಒಂದು ಸಂದಿ, ಅವನು ಬಿದ್ದದ್ದು ಅಲ್ಲೇ. ಅಗಲ ಒಂದು ಮೊಳ, ಆಳ ನನ್ನ ಸೊಂಟದ ತನಕ. ಅದನ್ನೂ ಎಲೆ ಸಮವಾಗಿ ತುಂಬಿ, ನೋಡಿದರೆ ನೆಲ ಎಂದೇ ಅನ್ನಿಸುವ ಹಾಗೆ ಇತ್ತು. ಕಣ್ಣಿದ್ದವನು, ಮೈ ಗಟ್ಟಿ ಇದ್ದವನು, ಬೆಳಕಿನಲ್ಲೇ ಬಂದವನು ಕೂಡ ಅಲ್ಲಿ ಕಾಲಿಡುತ್ತಾನೆ. ನಾನು ಅದರ ಅಂಚಿನಲ್ಲಿ ಕೂತು ಎಲೆಯನ್ನೆಲ್ಲ ತೆಗೆದು ಹೊರಗೆ ಹಾಕಿದೆ. ಖಾಲಿಯಾದ ಮೇಲೆ ಬರಿ ಒಂದು ಸಂದಿ. ಮಗು ಕೂಡ ನೋಡಿ ದಾಟಬಹುದು.

ಅಲ್ಲಿಗೆ ನಾಗೇಂದ್ರಪ್ಪ ಬಂದ. ದೀಪದ ಕಮಿಟಿಗೆ ಈಗಲೂ ಅವನೇ ಯಜಮಾನ. ಕೆಳಗೆ ನಿಂತು ಕೂಗಿದ.

"ಏ ಹನುಮಂತಾ, ಅಲ್ಯಾಕೆ ಕೈ ಕೆಸರು ಮಾಡ್ಕೊಂತೀಯೋ? ಮುಂದಿನ ದಾರಿ ಹಂಗೇ ಬಿದ್ದೈತೆ. ಎರಡು ಸೋಮವಾರ ಆತು, ನಿಮ್ಮ ಮನೇರ ಸುಳಿವಿಲ್ಲ."

"ಗುಡಿಸೋನು ಹೋದ್ನಲ್ಲ ಗೌಡ್ರೆ," ಎಂದೆ.

"ಅದು ಸರಿ ಕಣಪ್ಪ, ಯಾರು ಇಲ್ಲ ಅಂದ್ರು. ನೀನಿದೀಯಲ್ಲ. ಮಷೀನ್ ತಂದು ಹುಲ್ಲು ಹೊಡೆಸಿದ್ವಿ, ಅದು ಕಲ್ಲಿಗೆ ತಾಗಿ ಬ್ಲೇಡ್ ಮುರೀತು. ನಿಮ್ಮ ಕೈ ಬೀಳದೆ ಆ ದಾರಿ ಆಗಂಗಿಲ್ಲ." ಆಮೇಲೆ ದನಿ ತಗ್ಗಿಸಿ, ದೊಡ್ಡ ಉಪಕಾರ ಮಾಡುವವನ ಹಾಗೆ, "ಆಗಿದ್ದು ಆಗೋತು. ಹುಡುಗ ಒಳ್ಳೆಯೋನೇ. ಒಂದು ದಿನ ಕುಡಿದು ಕೆಟ್ಟ" ಎಂದ.

ನಾನು ಎಲೆ ಬಾಚುತ್ತಲೇ ಇದ್ದೆ. ಅವನು ಇನ್ನೊಂದಿಷ್ಟು ನಿಂತು ಹೋದ.

ಮನೆಗೆ ಬಂದು ಇದನ್ನು ನಿನ್ನ ಅತ್ತೆಗೆ ಹೇಳಿದ್ದೇ ತಪ್ಪಾಯಿತು. ರೊಟ್ಟಿ ತಟ್ಟುತ್ತಿದ್ದವಳು ಎದ್ದು ನಿಂತಳು.

"ನೀವೇನಂದ್ರಿ?"

"ಏನೂ ಅನ್ನಲಿಲ್ಲ."

"ಅದೇ ನಿಮಗೆ ಬರೋದು. ನನ್ನ ಮಗ ಕುಡಿದಿರಲಿಲ್ಲ ಅಂತ ವರ್ಷದಿಂದ ನಾನೊಬ್ಬಳೇ ಬಡ್ಕೊಂತಿದೀನಿ. ನಲ್ಲಿ ಹತ್ರ ಬಡ್ಕೊಂಡೆ, ಸೊಸೈಟಿ ಮುಂದೆ ಬಡ್ಕೊಂಡೆ. ಹುಚ್ಚಿ ಅಂತಾರೆ ನನ್ನ. ಹೆತ್ತ ಅಪ್ಪ ಬಾಯಿಗೆ ಬೀಗ ಹಾಕ್ಕೊಂಡು ಕುಂತರೆ ಹೆತ್ತವ್ವನ ಮಾತು ಯಾರು ನಂಬ್ತಾರ್ರೀ? ಮಾಲಾನೂ ನಂಬಲಿಲ್ಲ. ಹೆಣದ ಮುಂದೆ ನಿಂತು 'ಮಗಳ ತಲೆ ಮುಟ್ಟಿದ್ದೆಯಲ್ಲೋ' ಅಂದ್ಳು. ಅವನು ಎದ್ದು ಉತ್ತರ ಕೊಡಾಕೆ ಆಗ್ತಿತ್ತಾ?"

ರೊಟ್ಟಿ ಹಂಚಿನ ಮೇಲೆ ಕಪ್ಪಗಾಯಿತು. ಅವಳು ತೆಗೆಯಲಿಲ್ಲ, ನಾನೇ ತೆಗೆದೆ. ಆ ಹೊತ್ತು ಇಬ್ಬರೂ ಉಣ್ಣಲಿಲ್ಲ.

ಆ ಮಾತಿಗೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ ತಾಯಿ. ಗಂಡ ಹೋದ ನೋವಿಗಿಂತ ಗಂಡ ಮೋಸ ಮಾಡಿ ಹೋದ ಎಂಬ ನೋವು ದೊಡ್ಡದು. ತಿಥಿ ಮುಗಿಯುವ ಮುಂಚೆ ಮಗುವನ್ನು ಎತ್ತಿಕೊಂಡು ಸೊಕ್ಕೆಯ ಬಸ್ಸು ಹತ್ತಿದೆಯಲ್ಲ, ಊರೆಲ್ಲ ಬೈದರು. ನಾನು ಬೈಯಲಿಲ್ಲ. ನನಗೆ ಬೈಯಲು ಬಾಯಿರಲಿಲ್ಲ.

ಮುಂದಿನ ದಾರಿಯನ್ನು ಈ ವರ್ಷ ನಾನು ಗುಡಿಸುವುದಿಲ್ಲ, ಮುಂದಿನ ವರ್ಷವೂ ಇಲ್ಲ. ಕಸಬರಿಗೆಯನ್ನು ಕೊರಕಲಿನಲ್ಲೇ ಬಿಟ್ಟು ಬಂದಿದ್ದೇನೆ. ನಾಗೇಂದ್ರಪ್ಪ ಆಳು ಇಡಲಿ, ಬೂಟಿನ ಮಕ್ಕಳ ಕೈಲಿ ಮಾಡಿಸಲಿ, ಅದು ಅವರ ದೀಪ.

ನಿನ್ನ ಅಂಗನವಾಡಿ ಕೆಲಸ ಗಟ್ಟಿಯಾಗಲಿ. ತಿಪ್ಪೇರುದ್ರನಿಗೆ ನನ್ನ ನಮಸ್ಕಾರ ಹೇಳು. ರಕ್ಷಾ ಬೆಳೆದು ದೊಡ್ಡವಳಾಗಿ, ಯಾವ ದಾರಿ ನೋಡಿದರೂ ಇದು ನನ್ನದೋ ಅಲ್ಲವೋ ಎಂದು ನಿಂತು ಯೋಚಿಸದ ಹಾಗೆ ಬಾಳಲಿ. ನಿನಗೂ ಮಗುವಿಗೂ ಈ ಮುದುಕನ ಹೊಟ್ಟೆಯೊಳಗಿನ ಹರಕೆ.

ಇಂತಿ,
ಚಿಕ್ಕಹನುಮಂತಪ್ಪ

ಮತ್ತೆ: ಸಹಿ ಹಾಕಿ ಮಡಚಿದ್ದೆ, ನ್ಯಾಮತಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಎದುರಿಗೆ ಹೇಳುತ್ತೇನೆ ಎಂದಿದ್ದೆ. ಎದುರಿಗೆ ನನ್ನಿಂದ ಆಗುವುದಿಲ್ಲ.

ಅವನು ಕುಡಿದಿರಲಿಲ್ಲ. ಆವತ್ತೂ ಇಲ್ಲ, ಅದಕ್ಕೆ ಮುಂಚೆಯೂ ಇಲ್ಲ, ರಕ್ಷಾ ಹುಟ್ಟಿದ ದಿನದಿಂದ ಒಂದು ತೊಟ್ಟು ಮುಟ್ಟಿದವನಲ್ಲ. ಆವತ್ತು ಬೆಳಗಿನಿಂದ ಗುಡಿಸಿ ಮಧ್ಯಾಹ್ನ ನನ್ನ ಪಕ್ಕದಲ್ಲೇ ಉಂಡ. ನಾಲ್ಕು ಗಂಟೆಗೆ ಮೇಲಿಂದ ನಾಗೇಂದ್ರಪ್ಪನ ಫೋನು ಬಂತು, ದೀಪದ ಎಣ್ಣೆ ಡಬ್ಬ ಕೆಳಗೇ ಉಳಿದಿದೆ, ಕಳಿಸು ಅಂತ. ಪರಶುರಾಮ ಡಬ್ಬ ಹೆಗಲಿಗೇರಿಸಿಕೊಂಡು ನೇರ ಮುಂದಿನ ದಾರಿಗೆ ಹೋದ. "ಅಪ್ಪಾ, ನಾನು ಗುಡಿಸಿದ ದಾರಿ, ಅವರದೇ ಎಣ್ಣೆ. ಇದ್ರಲ್ಲೇ ಹೋಗ್ತೀನಿ, ಬಿರೀನೆ ಮುಟ್ಟುತ್ತೆ" ಎಂದ. ನಾನು ಓಡಿಹೋಗಿ ಡಬ್ಬ ಹಿಡಿದೆ. "ಬ್ಯಾಡ ಕಣೋ, ಜನ ಹತ್ತೋ ಹೊತ್ತು, ಯಾರ ಬಾಯಿಗ್ಯಾಕೆ ಬೀಳ್ತೀಯ, ನಮ್ದಾರಿಗೆ ಹೋಗು" ಎಂದೆ. ಅವನು ನನ್ನ ಮುಖ ನೋಡಿದ. "ನೀನಂತೀಯ ಅಂತ ಹೋಗ್ತೀನಿ" ಎಂದ. ಯಾರ ಮಾತೂ ಕೇಳದವನು ಆವತ್ತು ನನ್ನ ಮಾತು ಕೇಳಿದ. ಅವನನ್ನು ಊರವರು ತಡೆಯಲಿಲ್ಲ ಮಾಲಾ. ಅಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಹೊನ್ನಾಳಿ ಆಸ್ಪತ್ರೆಯ ಅಂಗಳದಲ್ಲಿ ಪೊಲೀಸಿನವರು ಕೇಳಿದರು, "ಇಷ್ಟು ಹಸನಾದ ದಾರಿ ಇರುವಾಗ ಆ ಕೊರಕಲಿಗೆ ಯಾಕೆ ಹೋದ?" ಅಂತ. ನಾನು ಉತ್ತರ ಹುಡುಕುವಷ್ಟರಲ್ಲಿ ನಾಗೇಂದ್ರಪ್ಪ "ಕುಡಿದಿದ್ದ ಅಂತ ಕಾಣುತ್ತೆ ಸಾರ್" ಎಂದ. ಅವರು ನನ್ನ ಕಡೆ ತಿರುಗಿ "ಹೌದೇನಪ್ಪ?" ಎಂದರು. ನಾನು ತಲೆ ಅಲ್ಲಾಡಿಸಿದೆ, ಹೌದು ಅಂತ. ಅಲ್ಲ ಎಂದಿದ್ದರೆ ಕಳಿಸಿದವರು ಯಾರು ಎಂದು ಕೇಳುತ್ತಿದ್ದರು.

ಆಣೆ ಮುರಿದಿಲ್ಲ. ಮಗುವಿನ ತಲೆಯ ಮೇಲೆ ಏನೂ ಇಲ್ಲ. ಅದನ್ನು ಗುಡ್ಡಕ್ಕೆ ತರಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ನಿನ್ನ ಅತ್ತೆಗೆ ಇನ್ನೂ ಹೇಳಿಲ್ಲ. ಇದನ್ನು ಪೋಸ್ಟಿಗೆ ಹಾಕಿ, ಮನೆಗೆ ಹೋಗಿ ಹೇಳುತ್ತೇನೆ. ಮೊದಲು ಪೋಸ್ಟಿಗೆ ಹಾಕುತ್ತೇನೆ. ಮೊದಲು ಮನೆಗೆ ಹೋದರೆ ಇದು ನನ್ನ ಜೇಬಿನಲ್ಲೇ ಉಳಿಯುತ್ತದೆ.